ಪುಟಕ್ಕೆ ಒಂದು ರೂಪಾಯಿ

ಪಟ್ನಾ. ಭಿಖ್ನಾ ಪಹಾಡಿಯ ಓಣಿ. ಕರೆಂಟು ಬಂದ ಗಳಿಗೆ
ನನ್ನ ಯಂತ್ರ ಕೆಮ್ಮಿ ಎದ್ದು ಕೂರುತ್ತದೆ.
ಹುಡುಗರ ಸಾಲು: ದೀದಿ, ಪ್ರಾಚೀನ ಭಾರತ ಎರಡು ಪ್ರತಿ,
ಮಧ್ಯಯುಗ ಒಂದು, ಕಂಪನಿ ಕಾಲ ಹಿಂದೆ ಮುಂದೆ ಎರಡೂ ಕಡೆ.
ಐದು ಸಾವಿರ ವರ್ಷಕ್ಕೆ ಎಪ್ಪತ್ತೆರಡು ರೂಪಾಯಿ.
ಸ್ಪೈರಲ್ ಹಾಕಿದರೆ ಇನ್ನೂ ಇಪ್ಪತ್ತು.

ಓದುವಷ್ಟು ಪುರುಸೊತ್ತಿಲ್ಲ. ಆದರೂ
ಗಾಜಿನಡಿ ಹಸಿರು ಬೆಳಕು ಹರಿಯುವಾಗ
ಕಣ್ಣು ಕಾಗೆಯ ಹಾಗೆ ಒಂದೊಂದು ಸಾಲು ಹೆಕ್ಕುತ್ತದೆ:
ಮೊಹೆಂಜೊದಾರೊದ ಕೊಳ ಯಾತಕ್ಕೆ?
ತಾಮ್ರದ ಬಿಲ್ಲೆಗೆ ಬೆಳ್ಳಿಯ ಬೆಲೆ ಕಟ್ಟಿದ ಸುಲ್ತಾನ ಯಾರು?
ಬಂಗಾಳದ ದಿವಾನಿ ಕಂಪನಿಯ ಕೈಗೆ ಬಿದ್ದದ್ದು ಎಂದು?
ಒಂದೊಂದಕ್ಕೂ ನಾಲ್ಕು ಬಾಗಿಲು,
ಮೂರರ ಹಿಂದೆ ಗೋಡೆ.

ಪ್ರತಿಯ ಪ್ರತಿಯ ಪ್ರತಿ ತೆಗೆದರೆ ಇಂಕು ಸೊರಗುತ್ತದೆ.
ಒಮ್ಮೆ ಪ್ಲಾಸಿಯ ಕೊನೆಯ ಏಳು ಸವೆದು ಒಂದಾಯಿತು.
ಯಾರೋ ನೀಲಿ ಪೆನ್ನಿನಲ್ಲಿ ಒಂಬತ್ತು ಮಾಡಿದರು.
ಆ ವರ್ಷ ಇಡೀ ಓಣಿ
ಎರಡು ವರ್ಷ ತಡವಾಗಿ ಸೋತಿತು.

ಊರಾಚೆ ಕುಮ್ರಾಹರದಲ್ಲಿ ಎಂಬತ್ತು ಕಂಬದ ಸಭೆ.
ಅಗೆದರು, ಎಣಿಸಿದರು, ಬರೆದಿಟ್ಟರು.
ನೆಲದ ನೀರು ಉಕ್ಕಿತು. ಮತ್ತೆ ಮಣ್ಣು ತುಂಬಿದರು.
ಈಗ ಅಲ್ಲಿ ಹುಲ್ಲು, ಕಡಲೆಕಾಯಿ ಸಿಪ್ಪೆ,
ಕೊಡೆ ಮರೆಯ ಜೋಡಿಗಳು.
ಸಿಕ್ಕಿದ ಉತ್ತರವನ್ನೂ ಹೂತಿಡಬೇಕಾಗುತ್ತದೆ, ಉಳಿಯಲಿ ಅಂತ.

ಮಾವ ಗುಲ್ಜಾರ್‌ಬಾಗಿನ ಸರ್ಕಾರಿ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದ.
ಅದಕ್ಕೂ ಮುಂಚೆ ಅದು ಅಫೀಮಿನ ಗೋದಾಮು;
ಅಲ್ಲಿಂದ ಉಂಡೆಗಳು ದೋಣಿಯೇರಿ ಕಲ್ಕತ್ತೆಗೆ, ಚೀನಾಕ್ಕೆ.
ಮಳೆಗಾಲದಲ್ಲಿ ಗೋಡೆ ಬೆವರಿದರೆ
ಇಂದಿಗೂ ಕಹಿ ವಾಸನೆ ಎನ್ನುತ್ತಿದ್ದ.
ಸುಳ್ಳಿರಬಹುದು. ಸುಳ್ಳು ಹೇಳುವಾಗ ಅವನು
ಮೂಗು ಹಿಡಿದುಕೊಳ್ಳುತ್ತಿದ್ದ, ಈ ಮಾತಿಗೂ ಹಿಡಿದುಕೊಂಡ.

ಆಮೇಲೆ ಆ ಪ್ರಶ್ನೆಪತ್ರಿಕೆ ಸೋರಿತು.

ಇನ್‌ಸ್ಪೆಕ್ಟರ್ ನನ್ನ ಸ್ಟೂಲಿನ ಮೇಲೆ ಕೂತ.
ಯಾರು ತಂದರು? ಯಾವ ತಾರೀಖು? ಎಷ್ಟು ಪ್ರತಿ?
ಆಯ್ಕೆ ಕೊಡಿ ಸಾಹೇಬ್ರೇ ಎಂದೆ. ನಗಲಿಲ್ಲ.
ಹೆಸರು? ಕೌಲೇಸರಿ ದೇವಿ.
ಕಮಲೇಶ್ವರಿ ಎಂದು ಬರೆದುಕೊಂಡ.
ಹುಟ್ಟಿದ್ದು? ದೊಡ್ಡ ನೆರೆಯ ವರ್ಷ, ಮಾಳಿಗೆಯ ಮೇಲೆ.
ವಯಸ್ಸು ನಲವತ್ತು ಎಂದು ಬರೆದುಕೊಂಡ.
ದಿನಕ್ಕೆ ಮುನ್ನೂರು ಮುಖ ಬರುತ್ತವೆ, ಯಾವುದೆಂದು ಹೇಳಲಿ?
ಹಳದಿ ಅಂಗಿ, ಎಡಗೈಗೆ ಗಡಿಯಾರ ಎಂದು
ನಾನು ಹೇಳದ್ದನ್ನೂ ಬರೆದುಕೊಂಡ.
ರುಜು ಹಾಕು ಎಂದ. ಹಾಕಿದೆ.
ನೂರು ವರ್ಷ ಕಳೆದು ಯಾರಾದರೂ ಆ ಕಡತ ಬಿಚ್ಚಿದರೆ
ಹಳದಿ ಅಂಗಿಯವನೊಬ್ಬ ಕಮಲೇಶ್ವರಿಯ ಅಂಗಡಿಗೆ ಬಂದದ್ದು
ಪ್ರಮಾಣವಾಗಿ, ಎರಡು ಅಂಕವಾಗಿ
ಯಾವ ಮಗುವಿನ ತಲೆಯ ಮೇಲೆ ಬೀಳುತ್ತದೋ!
ಹರಪ್ಪದ ಮುದ್ರೆಯ ಗೂಳಿಯೇ ಜಾಣ.
ಅದರ ಮಾತು ಇನ್ನೂ ಯಾರಿಗೂ ತಿಳಿದಿಲ್ಲ,
ತಪ್ಪಾಗಿ ಬರೆದುಕೊಳ್ಳುವುದು ಹೇಗೆ?

ಪರೀಕ್ಷೆ ರದ್ದು. ಯಂತ್ರ ಹನ್ನೊಂದು ದಿನ ಠಾಣೆಯಲ್ಲಿತ್ತು,
ಮರಳಿದ್ದು ಒಂದು ಗಾಲಿ ಕಳೆದುಕೊಂಡು.

ನಿನ್ನೆ ಸುಗಿಯಾ ಬಂದಳು, ಪೂರ್ಣಿಯಾದವಳು, ಐದನೆಯ ಸಲ.
ಮುಂದಿನ ವರ್ಷ ವಯಸ್ಸು ಮೀರುತ್ತದೆ.
ಹಾಳೆ ಬಿಸಿಯಾಗಿ ಹೊರಬರುವ ತನಕ
ಕಣ್ಣು ಮುಚ್ಚಿ ಒಪ್ಪಿಸುತ್ತಿದ್ದಳು:
ಪಾಟಲಿಪುತ್ರ ಯಾವ ನದಿಯ ದಡದಲ್ಲಿದೆ? ಗಂಗೆ.
ಗಂಗೆ ಅಂತಲೇ ಬರಿ, ಅಂಕ ಸಿಗುತ್ತದೆ ಎಂದೆ.
ಘಾಟಿನ ಮೆಟ್ಟಿಲಿಳಿದು ನೋಡಬೇಡ.
ಅಲ್ಲಿ ಮರಳು, ಕ್ರಿಕೆಟ್ಟು, ಸೌತೆಯ ಬಳ್ಳಿ.
ನದಿ ಯಾವತ್ತೋ
ಉತ್ತರಕ್ಕೆ ಸರಿದುಹೋಗಿದೆ.